ಬ್ರೌಸರ್ ಬದಲಾಯಿಸಬೇಕು: ಲ್ಯಾಪ್‌ಟಾಪಿಗೂ ಫೋನಿಗೂ ಯಾವುದು ಹಾಕಲಿ?

ನೀಲಿಕೊಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಪ್ಪನ ಪರೀಕ್ಷೆಯ ರಿಪೋರ್ಟ್ ಹೋದ ವಾರ ನನ್ನ ಕೈಗೆ ಬಂತು. ಡಾಕ್ಟರು ಇನ್ನೂ ಅಪ್ಪನಿಗೆ ವಿಷಯ ತಿಳಿಸಿರಲಿಲ್ಲ. ಮೊದಲು ನಾನು ಅರ್ಥ ಮಾಡಿಕೊಂಡು ಆಮೇಲೆ ನಿಧಾನಕ್ಕೆ ಹೇಳೋಣ ಅಂದುಕೊಂಡೆ. ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದು ಕಾಯಿಲೆಯ ಹೆಸರು, ಔಷಧಿಯ ಹೆಸರು ಎಲ್ಲ ಹುಡುಕಿದೆ. ಸುಮಾರು ಎರಡು ಗಂಟೆ ಓದಿದೆ. ಪ್ರೈವೇಟ್ ವಿಂಡೋದಲ್ಲೇ ಓದಿದ್ದು.

ಮಾರನೇ ದಿನ ಬೆಳಿಗ್ಗೆ ಅಪ್ಪ ತಮ್ಮ ಫೋನಿನಲ್ಲಿ ಹಳೇ ಹಾಡು ಕೇಳುತ್ತಾ ಕೂತಿದ್ದರು. ಹಾಡಿನ ಮಧ್ಯೆ ಜಾಹೀರಾತು ಬಂತು. ಅದೇ ಕಾಯಿಲೆಯ ಹೆಸರು, ದೊಡ್ಡ ಅಕ್ಷರದಲ್ಲಿ. ಅಪ್ಪ ಸ್ಕಿಪ್ ಒತ್ತಿದರು. ಮುಂದಿನ ಹಾಡಿಗೆ ಮತ್ತೆ ಅದೇ. "ಇದ್ಯಾಕೆ ನಂಗೆ ಪದೇ ಪದೇ ತೋರಿಸ್ತಿದೆ?" ಅಂತ ನನ್ನ ಕಡೆ ತಿರುಗಿ ಕೇಳಿದರು. ನನಗೆ ಬಾಯಿಂದ ಮಾತೇ ಹೊರಡಲಿಲ್ಲ.

ಅವತ್ತಿನಿಂದ ಬ್ರೌಸರ್ ಬದಲಾಯಿಸಬೇಕು ಅಂತ ಹಟ ಹಿಡಿದಿದೆ. ನನ್ನ ಹತ್ತಿರ ವಿಂಡೋಸ್ ಲ್ಯಾಪ್‌ಟಾಪ್ ಮತ್ತು ಆಂಡ್ರಾಯ್ಡ್ ಫೋನ್ ಇದೆ. ಅಪ್ಪನದೂ ಆಂಡ್ರಾಯ್ಡ್. ತಂಗಿಯದು ಐಫೋನ್. ಬ್ಯಾಂಕ್ ಸೈಟುಗಳು ಕೆಲಸ ಮಾಡಲೇಬೇಕು. ದಿನಾ ಸೆಟ್ಟಿಂಗ್ಸ್ ತಿರುವುತ್ತಾ ಕೂರುವಷ್ಟು ಪುರುಸೊತ್ತು ನನಗಿಲ್ಲ. ಬ್ರೇವ್, ಫೈರ್‌ಫಾಕ್ಸ್, ಡಕ್‌ಡಕ್‌ಗೋ, ಟಾರ್ ಅಂತ ಹೆಸರು ಕೇಳಿದ್ದೇನೆ. ಯಾವುದು ಹಾಕಲಿ?

ಗುಬ್ಬಿಗೂಡು

ಬ್ರೇವ್ ಹಾಕಿ, ಮುಗೀತು. ಹಾಕಿದ ತಕ್ಷಣ ಜಾಹೀರಾತು, ನೀವು ಎಲ್ಲೆಲ್ಲಿ ಓಡಾಡುತ್ತೀರಿ ಅಂತ ಬೆನ್ನು ಹತ್ತುವ ಟ್ರ್ಯಾಕರ್ ಎರಡೂ ನಿಲ್ಲುತ್ತವೆ. ಏನೂ ಸೆಟ್ ಮಾಡಬೇಕಿಲ್ಲ. ಲ್ಯಾಪ್‌ಟಾಪ್, ಆಂಡ್ರಾಯ್ಡ್, ಐಫೋನ್ ಮೂರಕ್ಕೂ ಇದೆ. ನಾನು ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ.

ಹಳೇಕೀಲಿ

ನೀಲಿಕೊಡೆ ಅವರೇ, ಓದಿ ತುಂಬಾ ಬೇಜಾರಾಯಿತು. ಅಪ್ಪ ಬೇಗ ಹುಷಾರಾಗಲಿ.

ಬ್ರೌಸರ್ ಹೆಸರು ಹೇಳುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಅಪ್ಪನ ಫೋನಿನಲ್ಲಿ ಯಾರ ಗೂಗಲ್ ಅಕೌಂಟ್ ಇದೆ? ಆ ರಾತ್ರಿ ಪ್ರೈವೇಟ್ ವಿಂಡೋ ತೆರೆದಿದ್ದಾಗ ಅದರೊಳಗೆ ಎಲ್ಲಾದರೂ ಲಾಗಿನ್ ಆಗಿದ್ದಿರಾ?

ಪ್ರೈವೇಟ್ ವಿಂಡೋ ಮುಖ್ಯವಾಗಿ ಮಾಡುವುದು ಒಂದು ಕೆಲಸ. ಮುಚ್ಚಿದ ಮೇಲೆ ನಿಮ್ಮ ಮೆಷಿನ್‌ನಲ್ಲಿ ಹಿಸ್ಟರಿ, ಕುಕಿ (ನಿಮ್ಮ ಗುರುತಿಗೆ ಅಂತ ಸೈಟು ಬ್ರೌಸರ್‌ನಲ್ಲಿ ಇಡುವ ಸಣ್ಣ ಚೀಟಿ) ಉಳಿಸುವುದಿಲ್ಲ. ಅದೇ ಲ್ಯಾಪ್‌ಟಾಪ್ ಬಳಸುವ ಮನೆಯವರಿಗೆ ಕಾಣಿಸುವುದಿಲ್ಲ, ಅಷ್ಟೇ. ನೀವು ಹೋದ ಸೈಟಿಗೆ ಕಾಣಿಸುತ್ತದೆ. ಇಂಟರ್ನೆಟ್ ಕೊಡುವ ಕಂಪನಿಗೆ ಸೈಟಿನ ಹೆಸರು ಕಾಣಿಸುತ್ತದೆ. ಕ್ರೋಮ್‌ನ ಪ್ರೈವೇಟ್ ವಿಂಡೋ ಆದ ಇನ್‌ಕಾಗ್ನಿಟೋ ವಿಷಯದಲ್ಲಿ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಕೇಸ್ ಹಾಕಿದ್ದರು. ಅದರಲ್ಲಿ ಓಡಾಡಿದ್ದೂ ದಾಖಲಾಗುತ್ತಿದೆ ಅನ್ನುವುದೇ ದೂರು. 2024ರಲ್ಲಿ ರಾಜಿಯಾಯಿತು. ಆಗ ಶತಕೋಟಿಗಟ್ಟಲೆ ದಾಖಲೆ ಅಳಿಸಲು ಗೂಗಲ್ ಒಪ್ಪಿಕೊಂಡಿತು. ಪ್ರೈವೇಟ್ ಅನ್ನುವ ಪದ ನೋಡಿ ಎಷ್ಟು ಜನ ನಂಬಿದ್ದರು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ನೀಲಿಕೊಡೆ

ಹಳೇಕೀಲಿ ಸರ್, ನಿಮ್ಮ ಪ್ರಶ್ನೆ ಓದಿ ಈಗಷ್ಟೇ ಅಪ್ಪನ ಫೋನ್ ತೆಗೆದು ನೋಡಿದೆ. ಅದರಲ್ಲಿರುವುದು ನನ್ನದೇ ಅಕೌಂಟ್. ಫೋನ್ ತಂದ ದಿನ ಅಪ್ಪನಿಗೆ ಇಮೇಲ್ ಇರಲಿಲ್ಲ, ಸದ್ಯಕ್ಕೆ ಅಂತ ನನ್ನದು ಹಾಕಿಕೊಟ್ಟಿದ್ದೆ. ಮೂರು ವರ್ಷವಾದರೂ ಹಾಗೇ ಇದೆ.

ಇನ್ನೊಂದು. ಆ ರಾತ್ರಿ ಒಂದು ಲೇಖನ ಚೆನ್ನಾಗಿತ್ತು, ನನಗೇ ಮೇಲ್ ಮಾಡಿಕೊಳ್ಳೋಣ ಅಂತ ಅದೇ ಪ್ರೈವೇಟ್ ವಿಂಡೋದಲ್ಲಿ ಲಾಗಿನ್ ಆಗಿದ್ದೆ. ಲಾಗೌಟ್ ಮಾಡಲಿಲ್ಲ. ಆಮೇಲೆ ಇನ್ನೂ ಒಂದು ಗಂಟೆ ಹುಡುಕಿದ್ದೇನೆ.

ಹಳೇಕೀಲಿ

ಹಾಗಾದರೆ ದಾರಿ ಸಿಕ್ಕಿತು. ಲಾಗಿನ್ ಆದ ಕ್ಷಣದಿಂದ ಆ ವಿಂಡೋದಲ್ಲಿ ಹುಡುಕಿದ್ದು ನಿಮ್ಮ ಹೆಸರಿಗೆ ಸೇರಿದೆ. ಅದೇ ಹೆಸರು ಅಪ್ಪನ ಫೋನಿನಲ್ಲೂ ಇದೆ. ಇದರಲ್ಲಿ ನಿಮ್ಮ ತಪ್ಪಿಲ್ಲ. ಎಲ್ಲ ಮನೆಗಳಲ್ಲೂ ಫೋನ್ ಹೀಗೇ ಸೆಟ್ ಆಗಿರುತ್ತದೆ.

ಬ್ರೌಸರ್ ಖಂಡಿತ ಬದಲಾಯಿಸಿ. ಆದರೆ ಬರೀ ಬ್ರೌಸರ್ ಬದಲಾಯಿಸಿದ್ದರೆ ಇದು ನಿಲ್ಲುತ್ತಿರಲಿಲ್ಲ. ಅಪ್ಪ ಹಾಡು ಕೇಳಿದ್ದು ಆ್ಯಪ್‌ನಲ್ಲಿ. ಅಲ್ಲಿಗೆ ಬ್ರೌಸರ್‌ನ ಕೈ ಚಾಚುವುದಿಲ್ಲ. ಹಾಗಾಗಿ ಮೊದಲು ಮೂರು ಕೆಲಸ ಮಾಡಿ. ಅಪ್ಪನಿಗೆ ಅವರದೇ ಅಕೌಂಟ್ ಮಾಡಿಕೊಟ್ಟು ನಿಮ್ಮದನ್ನು ತೆಗೆಯಿರಿ. ನಿಮ್ಮ ಅಕೌಂಟಿನಲ್ಲಿ ಹುಡುಕಾಟದ ದಾಖಲೆ ಅಳಿಸಿ, ನಿಮಗೆಂದೇ ಆರಿಸಿ ಜಾಹೀರಾತು ತೋರಿಸುವುದನ್ನು ಆಫ್ ಮಾಡಿ. ಆಂಡ್ರಾಯ್ಡ್ 12 ಅಥವಾ ಹೊಸದಾಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರಲ್ಲಿ ಆ್ಯಡ್ಸ್ ಒಳಗೆ ಹೋಗಿ. ಜಾಹೀರಾತಿನವರು ನಿಮ್ಮ ಫೋನನ್ನು ಗುರುತಿಸಲು ಬಳಸುವ ಜಾಹೀರಾತು ಐಡಿ ಅಳಿಸುವ ಬಟನ್ ಇದೆ. ಒತ್ತಿಬಿಡಿ. ಎರಡು ಫೋನಿನಲ್ಲೂ.

ರಾತ್ರಿಪಾಳಿ

ಈಗ ಬ್ರೌಸರ್ ವಿಷಯ. ನನ್ನ ಓಟು ಫೈರ್‌ಫಾಕ್ಸಿಗೆ. ಕಾರಣ ಹೇಳುತ್ತೇನೆ.

ಕುಕಿ ಹುಟ್ಟಿದ್ದು 1994ರಲ್ಲಿ, ಆಗಿನ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನಲ್ಲಿ ಲೂ ಮಾಂಟುಲ್ಲಿ ಮಾಡಿದ್ದು. ಒಂದು ಅಂಗಡಿ ಸೈಟು ನಿಮ್ಮ ಬುಟ್ಟಿಯಲ್ಲಿ ಏನಿದೆ ಅಂತ ನೆನಪಿಡಲಿ ಅನ್ನುವಂಥ ಕೆಲಸಕ್ಕೆ. ಆಮೇಲೆ ಜಾಹೀರಾತಿನವರು ಅದನ್ನೇ ಹಿಡಿದುಕೊಂಡರು. ನೂರು ಸೈಟುಗಳಲ್ಲಿ ಒಬ್ಬನೇ ಜಾಹೀರಾತಿನವನ ತುಣುಕು ಇದ್ದರೆ, ಆ ನೂರರಲ್ಲೂ ನೀವೇ ಅಂತ ಅವನಿಗೆ ಒಂದೇ ಕುಕಿಯಿಂದ ಗೊತ್ತಾಗುತ್ತದೆ. ಫೈರ್‌ಫಾಕ್ಸ್ ಇದಕ್ಕೆ ಮಾಡಿದ ಉಪಾಯ ನನಗೆ ತುಂಬಾ ಇಷ್ಟ. ಪ್ರತಿ ಸೈಟಿಗೂ ಒಂದೊಂದು ಬೇರೆ ಡಬ್ಬಿ. ಈ ಸೈಟಿನಲ್ಲಿ ಜಾಹೀರಾತಿನವನು ಇಟ್ಟ ಕುಕಿ ಈ ಡಬ್ಬಿಯಲ್ಲೇ ಉಳಿಯುತ್ತದೆ. ಮುಂದಿನ ಸೈಟಿಗೆ ಹೋದರೆ ಅವನ ಕೈಗೆ ಖಾಲಿ ಡಬ್ಬಿ ಸಿಗುತ್ತದೆ. 2022ರಿಂದ ಡೆಸ್ಕ್‌ಟಾಪ್‌ನಲ್ಲಿ ಎಲ್ಲರಿಗೂ ಇದು ತಾನಾಗೇ ಆನ್ ಆಗಿರುತ್ತದೆ. ಸಫಾರಿ 2020ರಲ್ಲೇ ಬೇರೆಯವರ ಕುಕಿಗಳನ್ನು ಪೂರ್ತಿ ನಿಲ್ಲಿಸಿತ್ತು. ಕ್ರೋಮ್ ಕೂಡ 2020ರಲ್ಲಿ ನಿಲ್ಲಿಸುತ್ತೇವೆ ಅಂದಿತು. ಮುಂದೂಡುತ್ತಾ ಹೋಗಿ 2024ರಲ್ಲಿ ಕೈಬಿಟ್ಟಿತು.

ಎರಡನೇ ಕಾರಣ ಯುಬ್ಲಾಕ್ ಒರಿಜಿನ್. ಜಾಹೀರಾತು, ಟ್ರ್ಯಾಕರ್ ತಡೆಯುವ ಎಕ್ಸ್‌ಟೆನ್ಷನ್ ಅದು, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ. ಕ್ರೋಮ್ ತನ್ನ ಎಕ್ಸ್‌ಟೆನ್ಷನ್ ನಿಯಮ ಬದಲಾಯಿಸಿದ ಮೇಲೆ ಅಲ್ಲಿ ಇದು ನಡೆಯುವುದಿಲ್ಲ. ಲೈಟ್ ಅನ್ನುವ ಸಣ್ಣ ರೂಪ ಮಾತ್ರ ಇದೆ. ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ಶಕ್ತಿಯದು ನಡೆಯುತ್ತದೆ, ಆಂಡ್ರಾಯ್ಡ್ ಫೋನಿನಲ್ಲೂ. ಹಾಕುವಾಗ ಹೆಸರು ಸರಿಯಾಗಿ ನೋಡಿ. ಬರೀ ಯುಬ್ಲಾಕ್ ಅಂತ ಬೇರೆಯದೇ ಒಂದಿದೆ, ಅದಲ್ಲ. ರೇಮಂಡ್ ಹಿಲ್ ಮಾಡಿದ್ದು, ಕೊನೆಗೆ ಒರಿಜಿನ್ ಅಂತ ಇರಬೇಕು.

ಮೂರನೆಯದು ಸ್ವಲ್ಪ ದೂರದ ಯೋಚನೆ. ಬ್ರೇವ್, ಎಡ್ಜ್, ವಿವಾಲ್ಡಿ, ಒಪೆರಾ ಎಲ್ಲದರ ಒಳಗೂ ಗೂಗಲ್ ಮುಂದೆ ನಿಂತು ಬೆಳೆಸುವ ಕ್ರೋಮಿಯಂ ಇದೆ, ಪುಟ ತೆರೆದು ತೋರಿಸುವ ಎಂಜಿನ್ ಅದರದ್ದೇ. ಫೈರ್‌ಫಾಕ್ಸ್‌ನ ಗೆಕ್ಕೋ ಬೇರೆ ಎಂಜಿನ್. ಇದೂ ಹೋದರೆ ವೆಬ್ ಹೇಗಿರಬೇಕು ಅಂತ ಹೇಳುವವರು ಒಬ್ಬಿಬ್ಬರೇ ಆಗುತ್ತಾರೆ.

ಗುಬ್ಬಿಗೂಡು

ರಾತ್ರಿಪಾಳಿ, ಎಂಜಿನ್ ಮಾತು ಒಪ್ಪುತ್ತೇನೆ. ಆದರೆ ನೀಲಿಕೊಡೆ ಅವರು ಪುರುಸೊತ್ತಿಲ್ಲ ಅಂದಿದ್ದಾರೆ. ಫೈರ್‌ಫಾಕ್ಸ್ ಹಾಕಿ, ಎಕ್ಸ್‌ಟೆನ್ಷನ್ ಹುಡುಕಿ, ಸೆಟ್ಟಿಂಗ್ ಬದಲಾಯಿಸಿ ಅಂದರೆ ಅಪ್ಪನ ಫೋನಿನಲ್ಲಿ ಯಾರು ಮಾಡುತ್ತಾರೆ? ಬ್ರೇವ್‌ನಲ್ಲಿ ತಡೆ ಒಳಗೇ ಕಟ್ಟಿದ್ದಾರೆ, ಎಕ್ಸ್‌ಟೆನ್ಷನ್ ಅಲ್ಲ. ಅದಕ್ಕೇ ಕ್ರೋಮ್‌ನ ಹೊಸ ನಿಯಮ ಅದಕ್ಕೆ ತಾಗುವುದಿಲ್ಲ. ಫಿಂಗರ್‌ಪ್ರಿಂಟ್ ವಿಷಯದಲ್ಲೂ ಬ್ರೇವ್ ಮುಂದೆ ಇದೆ. ಸೈಟು ಕೇಳಿದಾಗ ಉತ್ತರವನ್ನು ಸ್ವಲ್ಪ ಸ್ವಲ್ಪ ಕಲಸಿ ಕೊಡುತ್ತದೆ. ಇವತ್ತಿನ ಗುರುತಿಗೂ ನಾಳೆಯದಕ್ಕೂ ತಾಳೆಯಾಗುವುದಿಲ್ಲ.

ಸಿಂಕ್ ಮಾಡಲು ಅಕೌಂಟ್ ಕೂಡ ಬೇಡ. ಒಂದು ಪದಗಳ ಸಾಲು ಕೊಡುತ್ತದೆ. ಅದನ್ನು ಇನ್ನೊಂದು ಸಾಧನದಲ್ಲಿ ಹಾಕಿದರೆ ಆಯಿತು.

ಮೂಲೆಮೇಜು

ಬ್ರೇವ್ ಕಂಪನಿಯ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. 2020ರಲ್ಲಿ ಅಡ್ರೆಸ್ ಬಾರ್‌ನಲ್ಲಿ ಕೆಲವು ಕ್ರಿಪ್ಟೋ ಸೈಟುಗಳ ಹೆಸರು ಟೈಪ್ ಮಾಡಿದರೆ ತನಗೆ ಕಮಿಷನ್ ಬರುವ ಲಿಂಕನ್ನು ತಾನೇ ಸೇರಿಸುತ್ತಿತ್ತು. ಜನ ಹಿಡಿದ ಮೇಲೆ ಕ್ಷಮೆ ಕೇಳಿ ತೆಗೆದರು. ಪ್ರೈವೆಸಿ ಅಂತ ಹೇಳಿಕೊಂಡು ಬಂದವರು ನಾನು ಟೈಪ್ ಮಾಡುವ ಜಾಗದಲ್ಲೇ ಕೈಯಾಡಿಸಿದ್ದು ಸಣ್ಣ ವಿಷಯ ಅಲ್ಲ.

ಗುಬ್ಬಿಗೂಡು

ನಿಜ, ಅದು ತಪ್ಪೇ. ಆದರೆ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಏನು ಕಡಿಮೆ? 2024ರಲ್ಲಿ ಫೈರ್‌ಫಾಕ್ಸ್ 128ರಲ್ಲಿ ಜಾಹೀರಾತು ಎಷ್ಟು ಕೆಲಸ ಮಾಡಿತು ಅಂತ ಅಳೆಯುವ ಒಂದು ಪ್ರಯೋಗವನ್ನು ಬಳಸುವವರನ್ನು ಕೇಳದೆ ಆನ್ ಮಾಡಿದ್ದರು. 2025ರ ಫೆಬ್ರವರಿಯಲ್ಲಿ ಬಳಕೆಯ ಷರತ್ತು ಬರೆದಾಗ ಅದರ ಮಾತುಗಳನ್ನು ಓದಿ ಜನ ರೇಗಿದರು, ಮತ್ತೆ ತಿದ್ದಿ ಬರೆದರು. ಡಕ್‌ಡಕ್‌ಗೋ ಬ್ರೌಸರ್‌ನಲ್ಲೂ 2022ರಲ್ಲಿ ಮೈಕ್ರೋಸಾಫ್ಟ್‌ನ ಕೆಲವು ಟ್ರ್ಯಾಕರ್‌ಗಳಿಗೆ ದಾರಿ ಬಿಟ್ಟಿದ್ದು ಹೊರಬಂತು. ಕೆಲವೇ ತಿಂಗಳಲ್ಲಿ ಸರಿಪಡಿಸಿದರು.

ಹಳೇಕೀಲಿ

ಇಬ್ಬರ ಮಾತೂ ಸರಿ. ನನ್ನ ಅಳತೆ ಇಷ್ಟು: ಆ ತಪ್ಪು ಹೊರಗಿನವರಿಗೆ ಕಾಣುವ ಹಾಗಿತ್ತಾ? ಇವರ ಕೋಡ್‌ನ ಬಹುಪಾಲು ತೆರೆದೇ ಇದೆ, ಬೇರೆಯವರು ಅಳೆದು ನೋಡಬಹುದು. ಅದಕ್ಕೇ ಸಿಕ್ಕಿಬಿದ್ದರು, ಅದಕ್ಕೇ ತಿದ್ದಿದರು. ನನಗೆ ಭಯ ಇರುವುದು ಯಾರೂ ತೆರೆದು ನೋಡದ ಬ್ರೌಸರ್ ಬಗ್ಗೆ. ಆ್ಯಪ್ ಸ್ಟೋರ್‌ನಲ್ಲಿ ಸೇಫ್, ಸೀಕ್ರೆಟ್, ಇನ್ವಿಸಿಬಲ್ ಅಂತ ಹೆಸರಿಟ್ಟುಕೊಂಡು ಸಾಲುಗಟ್ಟಲೆ ಬ್ರೌಸರ್ ಇವೆ. ಯಾರು ಮಾಡಿದ್ದು, ದುಡ್ಡು ಎಲ್ಲಿಂದ, ಒಳಗಿನ ಎಂಜಿನ್‌ನಲ್ಲಿ (ವೆಬ್‌ಕಿಟ್ ಅಥವಾ ಕ್ರೋಮಿಯಂ) ಭದ್ರತೆಯ ತೂತು ಹೊರಬಿದ್ದಾಗ ಎಷ್ಟು ದಿನದಲ್ಲಿ ಅಪ್‌ಡೇಟ್ ಕೊಡುತ್ತಾರೆ, ಯಾವುದೂ ಗೊತ್ತಿರುವುದಿಲ್ಲ. ಅಂಥದ್ದನ್ನು ದಯವಿಟ್ಟು ಯಾರೂ ಹಾಕಬೇಡಿ. ಅದಕ್ಕಿಂತ ಅಪ್‌ಡೇಟ್ ಆಗಿರುವ ಕ್ರೋಮ್ ವಾಸಿ.

ಮೂಲೆಮೇಜು

ನಾನು ಲ್ಯಾಪ್‌ಟಾಪಿನಲ್ಲಿ ಲಿಬ್ರೆವುಲ್ಫ್ ಬಳಸುತ್ತೇನೆ. ಫೈರ್‌ಫಾಕ್ಸ್‌ನಿಂದಲೇ ಮಾಡಿದ್ದು. ಮೊಜಿಲ್ಲಾಕ್ಕೆ ಮಾಹಿತಿ ಕಳಿಸುವ ಭಾಗ ತೆಗೆದಿದ್ದಾರೆ, ಯುಬ್ಲಾಕ್ ಒರಿಜಿನ್ ಮೊದಲೇ ಹಾಕಿರುತ್ತಾರೆ. ಮುಚ್ಚಿದಾಗ ಕುಕಿ, ಹಿಸ್ಟರಿ ಎಲ್ಲ ಅಳಿಸುತ್ತದೆ.

ಆದರೆ ನೀಲಿಕೊಡೆ ಅವರಿಗೆ ನಾನಾಗಿ ಇದನ್ನು ಹೇಳುವುದಿಲ್ಲ. ದಿನಾ ಮತ್ತೆ ಮತ್ತೆ ಲಾಗಿನ್ ಆಗಬೇಕು. ಫಿಂಗರ್‌ಪ್ರಿಂಟ್ ತಡೆಯುವ ಗಟ್ಟಿ ಸೆಟ್ಟಿಂಗ್ ಆನ್ ಇರುವುದರಿಂದ ಸೈಟುಗಳಿಗೆ ನಿಮ್ಮ ಗಡಿಯಾರದ ಬದಲು ಯುಟಿಸಿ ಅನ್ನುವ, ಲೋಕಕ್ಕೆಲ್ಲ ಒಂದೇ ಆದ ಸಮಯ ಹೋಗುತ್ತದೆ. ಮೀಟಿಂಗ್ ಎಷ್ಟು ಗಂಟೆಗೆ ಅಂತ ಪುಟದಲ್ಲಿ ನೋಡಿದರೆ ಬೇರೆಯೇ ಸಮಯ ಇರುತ್ತದೆ. ಕಾರಣ ಗೊತ್ತಿದ್ದರೆ ಪರವಾಗಿಲ್ಲ, ಗೊತ್ತಿಲ್ಲದಿದ್ದರೆ ತಲೆ ಕೆಡುತ್ತದೆ. ಹಣ ಕೊಟ್ಟು ನೋಡುವ ಸಿನಿಮಾ ಸೈಟುಗಳಿಗೆ ಬೇಕಾದ, ನಕಲು ತಡೆಯುವ ಡಿಆರ್‌ಎಂ ಕೂಡ ಆಫ್ ಇರುತ್ತದೆ. ಫೋನಿಗೆ ಇದು ಇಲ್ಲವೇ ಇಲ್ಲ.

ಅಂಚೆಚೀಟಿ

ಫಿಂಗರ್‌ಪ್ರಿಂಟ್ ಅಂದರೇನು? ಬೆರಳಚ್ಚು ಕೊಟ್ಟು ಫೋನ್ ತೆಗೆಯುತ್ತೇವಲ್ಲ, ಅದಾ? ಕುಕಿ ಅಳಿಸಿದರೂ ಗುರುತು ಹಿಡಿಯುತ್ತಾರಾ?

ರಾತ್ರಿಪಾಳಿ

ಅಲ್ಲ, ಅದು ಬೇರೆ. ಅಂಚೆಚೀಟಿ ಅವರೇ, ಹೀಗೆ ನೋಡಿ. ನಿಮ್ಮ ಬ್ರೌಸರ್ ಪ್ರತಿ ಸೈಟಿಗೂ ಒಂದಷ್ಟು ವಿವರ ಕೊಡುತ್ತದೆ. ಸ್ಕ್ರೀನ್ ಎಷ್ಟು ದೊಡ್ಡದು, ಯಾವ ಭಾಷೆ ಇಷ್ಟ, ಯಾವ ಟೈಮ್‌ಜೋನ್, ಯಾವ ಗ್ರಾಫಿಕ್ಸ್ ಕಾರ್ಡ್. ಪುಟದ ಸ್ಕ್ರಿಪ್ಟ್ ಇನ್ನೂ ಬಗೆದು ಯಾವ ಫಾಂಟ್ ಇದೆ ಅಂತ ಅಳೆಯುತ್ತದೆ. ಬಿಡಿಬಿಡಿಯಾಗಿ ಇದರಲ್ಲಿ ಏನೂ ಇಲ್ಲ. ಎಲ್ಲ ಸೇರಿಸಿದರೆ ಅಷ್ಟೂ ಒಟ್ಟಿಗೆ ಹೊಂದುವವರು ತೀರಾ ಕಡಿಮೆ. 2010ರಲ್ಲಿ ಡಿಜಿಟಲ್ ಹಕ್ಕುಗಳ ಪರ ನಿಲ್ಲುವ ಇಎಫ್‌ಎಫ್ ಸಂಸ್ಥೆಯ ಪೀಟರ್ ಎಕರ್ಸ್ಲಿ 4,70,161 ಬ್ರೌಸರ್ ಪರೀಕ್ಷೆ ಮಾಡಿ ನೋಡಿದರು. 83.6 ಶೇಕಡಾ ಬ್ರೌಸರ್‌ಗಳಿಗೆ ಆ ಗುಂಪಿನಲ್ಲಿ ತಮ್ಮದೇ ಆದ ಗುರುತಿತ್ತು, ಇನ್ನೊಂದು ಅದರಂಥದ್ದು ಇರಲಿಲ್ಲ. ಕುಕಿಯ ಹಂಗೇ ಇಲ್ಲ.

ನಾವು ಕನ್ನಡದವರು ಇಲ್ಲಿ ಒಂದು ವಿಷಯ ಗಮನಿಸಬೇಕು. ನಾನು ನನ್ನ ಬ್ರೌಸರ್‌ನಲ್ಲಿ ಕನ್ನಡವನ್ನು ಮೊದಲ ಭಾಷೆ ಮಾಡಿಕೊಂಡಿದ್ದೇನೆ. ಜೊತೆಗೆ ಬರವಣಿಗೆ ಕೆಲಸಕ್ಕೆ ಅಂತ ಇಪ್ಪತ್ತಕ್ಕೂ ಜಾಸ್ತಿ ಕನ್ನಡ ಫಾಂಟ್ ಹಾಕಿದ್ದೆ. ಇಎಫ್‌ಎಫ್‌ನ ಕವರ್ ಯುವರ್ ಟ್ರ್ಯಾಕ್ಸ್ ಪುಟದಲ್ಲಿ ಪರೀಕ್ಷೆ ಮಾಡಿದರೆ ನನ್ನನ್ನು ಎದ್ದು ಕಾಣಿಸಿದ ಸಾಲುಗಳಲ್ಲಿ ಭಾಷೆ ಮತ್ತು ಫಾಂಟ್ ಎರಡೂ ಇದ್ದವು. ಲೋಕದಲ್ಲಿ ಇಂಗ್ಲಿಷ್ ಕೇಳುವ ಬ್ರೌಸರ್‌ಗಳ ಗುಂಪು ದೊಡ್ಡದು. ಕನ್ನಡ ಕೇಳುವವರ ಗುಂಪು ಚಿಕ್ಕದು. ಚಿಕ್ಕ ಗುಂಪಿನಲ್ಲಿ ಅಡಗುವುದು ಕಷ್ಟ.

ಎರಡನೇಕಿಟಕಿ

ಇದನ್ನು ಓದಿ ನನಗೆ ಸಂಕಟ ಆಯಿತು. ಖಾಸಗಿತನ ಬೇಕಾದರೆ ಕನ್ನಡ ಬಿಡಬೇಕಾ?

ಹಳೇಕೀಲಿ

ಬಿಡಬೇಡಿ, ದಯವಿಟ್ಟು. ಕನ್ನಡ ಪುಟ ಕನ್ನಡದಲ್ಲೇ ಬರಲಿ ಅಂತ ಎಷ್ಟು ಜನ ವರ್ಷಗಟ್ಟಲೆ ದುಡಿದಿದ್ದಾರೆ. ಸುಮ್ನೆ ಬೇಕಿಲ್ಲದ ಫಾಂಟ್ ಸಿಸ್ಟಮ್‌ಗೆ ತುಂಬಬೇಡಿ, ಅಷ್ಟು ಸಾಕು. ಟಾರ್ ಬ್ರೌಸರ್ ಈ ತೊಡಕಿಗೆ ಬೇರೆ ದಾರಿ ಹಿಡಿದಿದೆ. ತನ್ನ ಜೊತೆ ತಾನೇ ಒಂದಷ್ಟು ಫಾಂಟ್ ತರುತ್ತದೆ, ನೀವು ಹಾಕಿಕೊಂಡಿರುವ ಹೆಚ್ಚಿನ ಫಾಂಟ್ ಸೈಟುಗಳಿಗೆ ಕಾಣದ ಹಾಗೆ ಮಾಡುತ್ತದೆ. ಕಿಟಕಿಯ ಅಳತೆಯನ್ನೂ ಸುತ್ತ ಪಟ್ಟಿ ಬಿಟ್ಟು ಕೆಲವೇ ಅಳತೆಗಳಿಗೆ ಕೂರಿಸುತ್ತದೆ. ಬ್ರೇವ್ ಉತ್ತರ ಕಲಸುತ್ತದೆ, ಟಾರ್ ಎಲ್ಲರಿಗೂ ಒಂದೇ ಸಮವಸ್ತ್ರ ತೊಡಿಸುತ್ತದೆ. ಎರಡೂ ಒಳ್ಳೆಯ ಯೋಚನೆ.

ಸಮವಸ್ತ್ರದ ಮೇಲೆ ನಿಮ್ಮದೊಂದು ಹೂವು ಸಿಕ್ಕಿಸಿದರೆ ಮತ್ತೆ ಗುರುತು ಸಿಗುತ್ತದೆ. ಅದಕ್ಕೇ ಟಾರ್‌ಗೆ ಎಕ್ಸ್‌ಟೆನ್ಷನ್ ಹಾಕಬಾರದು ಅನ್ನುವುದು.

ಎರಡನೇಕಿಟಕಿ

ಹಾಗಾದರೆ ಎಲ್ಲದಕ್ಕೂ ಟಾರ್ ಬಳಸಿದರೆ ಆಯಿತಲ್ಲ? ಬ್ಯಾಂಕು, ಮೇಲು ಎಲ್ಲ ಅದರಲ್ಲೇ.

ಹಳೇಕೀಲಿ

ಬೇಡ. ಟಾರ್‌ನಲ್ಲಿ ನೀವು ಕೇಳಿದ ಪುಟ ಬೇರೆ ಬೇರೆ ಊರುಗಳ ಮೂರು ಕಂಪ್ಯೂಟರ್ ದಾಟಿ ಬರುತ್ತದೆ. ಮೊದಲನೆಯದಕ್ಕೆ ನೀವು ಯಾರು ಅಂತ ಗೊತ್ತು, ಎಲ್ಲಿಗೆ ಹೋಗುತ್ತೀರಿ ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ. ಆದ್ದರಿಂದಲೇ ನಿಧಾನ. ಬ್ಯಾಂಕಿಗೆ ಲಾಗಿನ್ ಆದರೆ ಹೆಸರು ನೀವೇ ಕೊಟ್ಟಂತಾಯಿತು, ಮೂರು ಕಂಪ್ಯೂಟರ್ ದಾಟಿದ್ದು ವ್ಯರ್ಥ. ಮೇಲಾಗಿ ಬ್ಯಾಂಕಿನವರ ಕಣ್ಣಿಗೆ ನೀವು ಬೇರೆ ದೇಶದಿಂದ ಬಂದಂತೆ ಕಾಣುತ್ತೀರಿ. ಅಕೌಂಟ್ ಲಾಕ್ ಆಗಬಹುದು.

ಆದರೆ ನೀಲಿಕೊಡೆ ಅವರ ಆ ರಾತ್ರಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಕಾಯಿಲೆ, ಕಾನೂನಿನ ತೊಂದರೆ, ಮನೆಯೊಳಗಿನ ಕಷ್ಟ, ಇಂಥದ್ದನ್ನು ಹುಡುಕುವಾಗ ಟಾರ್ ತೆರೆಯಿರಿ. ಲಾಗಿನ್ ಆಗದೆ ಓದಿ. ಮುಚ್ಚಿ. ಆಂಡ್ರಾಯ್ಡ್‌ಗೆ 2019ರಿಂದ ಇದೆ. ಐಫೋನಿಗೆ ಆನಿಯನ್ ಬ್ರೌಸರ್ ಅಂತ ಬೇರೆ ಇದೆ. ಡೆಸ್ಕ್‌ಟಾಪ್‌ನಲ್ಲಿ ಟಾರ್‌ನ ಸಮವಸ್ತ್ರ ಬೇಕು, ನಿಧಾನ ಬೇಡ ಅಂದರೆ ಮುಲ್‌ವಾಡ್ ಬ್ರೌಸರ್ ನೋಡಿ. 2023ರಲ್ಲಿ ಟಾರ್ ತಂಡವೇ ಮಾಡಿಕೊಟ್ಟಿದ್ದು. ಅದರಲ್ಲಿ ಟಾರ್ ಜಾಲ ಇಲ್ಲ, ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ನಂಬರ್) ಮುಚ್ಚಲು ವಿಪಿಎನ್, ಅಂದರೆ ಬೇರೆ ಸರ್ವರ್ ಮೂಲಕ ಹಾಯಿಸುವ ಸೇವೆ, ಬೇರೆ ಬೇಕು.

ನೀಲಿಕೊಡೆ

ಎಲ್ಲರಿಗೂ ಥ್ಯಾಂಕ್ಸ್. ಓದುತ್ತಾ ಓದುತ್ತಾ ನನಗೆ ಅನಿಸಿದ್ದು, ನಾನು ಎಲ್ಲವನ್ನೂ ಒಂದೇ ಬ್ರೌಸರ್‌ನಲ್ಲಿ ಸುರಿದಿದ್ದೇ ತೊಂದರೆ ಅಂತ. ಸರಿನಾ? ಐಫೋನ್ ಬಗ್ಗೆ ಯಾರೂ ಹೇಳಲಿಲ್ಲ. ತಂಗಿ ಫೈರ್‌ಫಾಕ್ಸ್ ಹಾಕಿಕೊಳ್ಳಲಾ ಅಂತ ಕೇಳುತ್ತಿದ್ದಾಳೆ.

ಮೂಲೆಮೇಜು

ಐಫೋನಿನಲ್ಲಿ ಯಾವ ಬ್ರೌಸರ್ ಹಾಕಿದರೂ ಒಳಗಿನ ಎಂಜಿನ್ ಆ್ಯಪಲ್‌ನ ವೆಬ್‌ಕಿಟ್. ಅದು ಅವರ ನಿಯಮ. ಯುರೋಪ್ ಒಕ್ಕೂಟದಲ್ಲಿ 2024ರಲ್ಲಿ, ಜಪಾನಿನಲ್ಲಿ 2025ರಲ್ಲಿ ಕಾನೂನಿಗೆ ಬಗ್ಗಿ ಸಡಿಲ ಮಾಡಿದರು. ಐಫೋನಿನ ಫೈರ್‌ಫಾಕ್ಸ್‌ಗೆ ಎಕ್ಸ್‌ಟೆನ್ಷನ್ ಹಾಕಲು ಆಗುವುದಿಲ್ಲ. ಹಾಗಾಗಿ ಸಫಾರಿಯಲ್ಲೇ ಇದ್ದು ಯುಬ್ಲಾಕ್ ಒರಿಜಿನ್ ಲೈಟ್ ಹಾಕಿಕೊಳ್ಳಲಿ, ಈಗ ಸಫಾರಿಗೂ ಬಂದಿದೆ. ಇಲ್ಲದಿದ್ದರೆ ಬ್ರೇವ್. ತುಂಬಾ ಯೋಚಿಸಬೇಕಿಲ್ಲ.

ರಾತ್ರಿಪಾಳಿ

ಒಂದೇ ಬ್ರೌಸರ್‌ನಲ್ಲಿ ಸುರಿದಿದ್ದು ಅನ್ನುವ ಮಾತು ತುಂಬಾ ಸರಿ. ನಾನು ಮಾಡುವುದು ಹೀಗೆ. ಫೈರ್‌ಫಾಕ್ಸ್‌ನಲ್ಲಿ ಮಲ್ಟಿ ಅಕೌಂಟ್ ಕಂಟೇನರ್ಸ್ ಅನ್ನುವ ಮೊಜಿಲ್ಲಾದ್ದೇ ಎಕ್ಸ್‌ಟೆನ್ಷನ್ ಇದೆ. ಹಸಿರು ಗೆರೆಯ ಟ್ಯಾಬ್ ಬ್ಯಾಂಕಿಗೆ. ಕಿತ್ತಳೆ ಗೆರೆಯದು ಕಚೇರಿಗೆ. ಮೇಲ್ ಮಾತ್ರ ನೀಲಿಯಲ್ಲಿ. ನೀಲಿ ಟ್ಯಾಬ್‌ನಲ್ಲಿ ಲಾಗಿನ್ ಆಗಿದ್ದರೂ ಪಕ್ಕದ ಸಾದಾ ಟ್ಯಾಬ್‌ನಲ್ಲಿ ಹುಡುಕುವಾಗ ನಾನು ಲಾಗಿನ್ ಆಗಿರುವುದಿಲ್ಲ. ನೀಲಿಕೊಡೆ ಅವರಿಗೆ ಆ ರಾತ್ರಿ ಇದು ಇದ್ದಿದ್ದರೆ ಮೇಲ್ ಮಾಡಿಕೊಂಡ ಮೇಲೂ ಹುಡುಕಾಟ ಹೆಸರಿಗೆ ಅಂಟುತ್ತಿರಲಿಲ್ಲ. ಗೆರೆಯ ಬಣ್ಣ ಕಣ್ಣ ಮುಂದೆಯೇ ಇರುವುದರಿಂದ ಒಂದು ವಾರದಲ್ಲಿ ಕೈಗೆ ರೂಢಿಯಾಗುತ್ತದೆ.

ಫೋನಿನಲ್ಲಿ ಕಂಟೇನರ್ ಇಲ್ಲ. ಅಲ್ಲಿ ಎರಡು ಬ್ರೌಸರ್ ಇಟ್ಟುಕೊಳ್ಳುವುದೇ ಸುಲಭ. ಲಾಗಿನ್‌ಗೆ ಒಂದು, ಹುಡುಕಲು ಒಂದು.

ಎರಡನೇಕಿಟಕಿ

ನಾನು ಪ್ರೈವೆಸಿಗೆ ಅಂತ ಹನ್ನೊಂದು ಎಕ್ಸ್‌ಟೆನ್ಷನ್ ಹಾಕಿದ್ದೇನೆ. ಅದು ಒಳ್ಳೆಯದಲ್ವಾ?

ಮೂಲೆಮೇಜು

ಖಂಡಿತ ಅಲ್ಲ. ಒಂದೊಂದನ್ನೂ ತೆರೆದು ಅನುಮತಿ ಓದಿ. ಎಲ್ಲ ಸೈಟುಗಳಲ್ಲಿನ ನಿಮ್ಮ ಮಾಹಿತಿ ಓದುವ ಮತ್ತು ಬದಲಾಯಿಸುವ ಅನುಮತಿ ಅಂತ ಇರುತ್ತದೆ. ಅಂದರೆ ಬ್ಯಾಂಕಿನ ಪುಟ ಕೂಡ. ಸ್ಟೈಲಿಶ್ ಅನ್ನುವ ಎಕ್ಸ್‌ಟೆನ್ಷನ್ ಜನರ ಬ್ರೌಸಿಂಗ್ ಹಿಸ್ಟರಿ ಕೂಡಿಹಾಕುತ್ತಿತ್ತು ಅಂತ 2018ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ತೆಗೆದುಹಾಕಿದವು. ಗ್ರೇಟ್ ಸಸ್ಪೆಂಡರ್ ಮೊದಲು ತುಂಬಾ ಒಳ್ಳೆಯದಿತ್ತು. ಮಾಲೀಕರು ಬದಲಾದರು. 2021ರಲ್ಲಿ ಅದರಲ್ಲಿ ಮಾಲ್‌ವೇರ್ ಇದೆ ಅಂತ ಕ್ರೋಮ್ ಹೊರಗೆ ಹಾಕಿತು. ಯುಬ್ಲಾಕ್ ಒರಿಜಿನ್ ಒಂದು ಇರಲಿ, ಬೇಕಾದರೆ ಕಂಟೇನರ್ಸ್ ಒಂದು. ಉಳಿದ ಒಂಬತ್ತೂ ತೆಗೆಯಿರಿ ಅಂತ ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ಗುಬ್ಬಿಗೂಡು

ಇನ್ನೊಂದು ಯಾರೂ ಹೇಳದ ವಿಷಯ. ಫೋನಿನಲ್ಲಿ ನೀವು ಒಳ್ಳೆಯ ಬ್ರೌಸರ್ ಹಾಕಿದರೂ ಸೋಷಿಯಲ್ ಮೀಡಿಯಾ ಆ್ಯಪ್‌ನಲ್ಲಿ ಲಿಂಕ್ ಒತ್ತಿದರೆ ಅದು ಆ ಆ್ಯಪ್‌ನ ಒಳಗಿನ ಕಿಟಕಿಯಲ್ಲೇ ತೆರೆಯುತ್ತದೆ. ನೀವು ಹಾಕಿದ ಬ್ರೌಸರ್‌ಗೆ ವಿಷಯವೇ ಗೊತ್ತಿರುವುದಿಲ್ಲ. 2022ರಲ್ಲಿ ಫೆಲಿಕ್ಸ್ ಕ್ರೌಸ್ ಅನ್ನುವವರು ಇನ್‌ಸ್ಟಾಗ್ರಾಂ, ಟಿಕ್‌ಟಾಕ್ ಮುಂತಾದವು ಹಾಗೆ ತೆರೆದ ಪುಟಕ್ಕೆ ತಮ್ಮ ಕೋಡ್ ಸೇರಿಸುತ್ತವೆ ಅಂತ ತೋರಿಸಿದ್ದರು. ಮೂಲೆಯ ಮೂರು ಚುಕ್ಕಿ ಒತ್ತಿ, ಬ್ರೌಸರ್‌ನಲ್ಲಿ ತೆರೆಯಿರಿ ಅನ್ನುವುದನ್ನು ಆರಿಸಿ. ಕೆಲವು ಆ್ಯಪ್‌ಗಳಲ್ಲಿ ಸೆಟ್ಟಿಂಗ್ಸ್‌ನಲ್ಲೇ ಶಾಶ್ವತವಾಗಿ ಬದಲಾಯಿಸಬಹುದು.

ಅಂಚೆಚೀಟಿ

ಇದು ನನಗೆ ಗೊತ್ತೇ ಇರಲಿಲ್ಲ. ಈಗಲೇ ಬದಲಾಯಿಸಿದೆ.

ನೀಲಿಕೊಡೆ

ಒಂದು ವಾರದ ಮೇಲೆ ಬರೆಯುತ್ತಿದ್ದೇನೆ. ಮಾಡಿದ್ದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಲ್ಯಾಪ್‌ಟಾಪಿನಲ್ಲಿ ಫೈರ್‌ಫಾಕ್ಸ್ ಹಾಕಿದೆ. ಯುಬ್ಲಾಕ್ ಒರಿಜಿನ್ ಮತ್ತು ಕಂಟೇನರ್ಸ್, ಎರಡೇ ಎಕ್ಸ್‌ಟೆನ್ಷನ್. ಟ್ರ್ಯಾಕಿಂಗ್ ತಡೆಯನ್ನು ಸ್ಟ್ರಿಕ್ಟ್‌ಗೆ ಇಟ್ಟೆ, ಬೀಗ ಬಿದ್ದ ಸಂಪರ್ಕದಲ್ಲೇ ಸೈಟು ತೆರೆಯುವ ಎಚ್‌ಟಿಟಿಪಿಎಸ್ ಓನ್ಲಿ ಆನ್ ಮಾಡಿದೆ. ಒಂದು ಬ್ಯಾಂಕ್ ಸೈಟಿನಲ್ಲಿ ಓಟಿಪಿ ಪುಟ ಖಾಲಿ ಬಂತು. ಅಡ್ರೆಸ್ ಬಾರ್‌ನ ಗುರಾಣಿ ಚಿಹ್ನೆ ಒತ್ತಿ ಆ ಸೈಟಿಗೆ ಮಾತ್ರ ತಡೆ ತೆಗೆದೆ, ಸರಿಹೋಯಿತು. ಪಕ್ಕದಲ್ಲಿ ಟಾರ್ ಇದೆ. ನನ್ನ ಫೋನಿನಲ್ಲೂ ಫೈರ್‌ಫಾಕ್ಸ್, ಹುಡುಕಲು ಬ್ರೇವ್.

ಅಪ್ಪನ ಫೋನಿನಿಂದ ನನ್ನ ಅಕೌಂಟ್ ತೆಗೆದು ಅವರ ಹೆಸರಿನಲ್ಲಿ ಹೊಸದು ಮಾಡಿದೆ. ಬ್ರೇವ್ ಹಾಕಿ ಅದನ್ನೇ ಡೀಫಾಲ್ಟ್ ಮಾಡಿದೆ. ಹೋಂ ಸ್ಕ್ರೀನಿನಲ್ಲಿ ಹಳೆಯ ಐಕಾನ್ ಇದ್ದ ಜಾಗದಲ್ಲೇ ಇಟ್ಟೆ, ಇಲ್ಲದಿದ್ದರೆ ಹುಡುಕುತ್ತಾರೆ. ಎರಡು ದಿನ ಆದಮೇಲೆ "ಪೇಪರ್ ಪುಟ ಈಗ ಬೇಗ ತೆರೆಯುತ್ತಲ್ಲ" ಅಂದರು.

ಆಮೇಲೆ ಅಪ್ಪನಿಗೆ ವಿಷಯ ಹೇಳಿದೆ. ನಾನೇ ಕೂತು ಹೇಳಿದೆ. ಅವತ್ತು ರಾತ್ರಿ ಅವರೇ ಆ ಫೋನಿನಲ್ಲಿ ಕಾಯಿಲೆಯ ಹೆಸರು ಹುಡುಕಿ, ಒಂದು ಸಾಲಿನ ಮೇಲೆ ಬೆರಳಿಟ್ಟು, ಇದರ ಅರ್ಥ ಏನು ನೋಡಮ್ಮ ಅಂತ ನನ್ನನ್ನು ಕರೆದರು. ಇಬ್ಬರೂ ಕೂತು ಓದಿದೆವು.

ಹಳೇಕೀಲಿ

ಎಲ್ಲ ಸರಿಯಾಗಿದೆ. ಒಂದೇ ಒಂದು ಸೇರಿಸುತ್ತೇನೆ. ಬ್ರೌಸರ್ ಬದಲಾಯಿಸಿದರೂ ಒಳಗಿನ ಸರ್ಚ್ ಎಂಜಿನ್ ಹಳೆಯದೇ ಇದ್ದರೆ ನೀವು ಟೈಪ್ ಮಾಡಿದ್ದು ಅಲ್ಲಿಗೇ ಹೋಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಸಾಮಾನ್ಯವಾಗಿ ಗೂಗಲ್ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಡಕ್‌ಡಕ್‌ಗೋ ಮಾಡಿಕೊಳ್ಳಿ. ಕನ್ನಡದಲ್ಲಿ ಹುಡುಕಿದರೆ ಫಲಿತಾಂಶ ಸ್ವಲ್ಪ ತೆಳು ಅನಿಸಬಹುದು. ಆಗ ಆ ಒಂದು ಹುಡುಕಾಟಕ್ಕೆ ಬೇರೆ ಎಂಜಿನ್ ಬಳಸಿ, ಲಾಗಿನ್ ಇಲ್ಲದ ಟ್ಯಾಬ್‌ನಲ್ಲಿ.

ಅಂಚೆಚೀಟಿ

ನಾನೂ ಇವತ್ತು ಬದಲಾಯಿಸುತ್ತಿದ್ದೇನೆ. ಹಳೇ ಬ್ರೌಸರ್‌ನಲ್ಲಿ ಅರವತ್ತು ಪಾಸ್‌ವರ್ಡ್ ಇವೆ. ಹೇಗೆ ತರುವುದು?

ರಾತ್ರಿಪಾಳಿ

ಲ್ಯಾಪ್‌ಟಾಪಿನಲ್ಲಿ ಹಳೆಯದರಿಂದ ಸಿಎಸ್‌ವಿ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಫೈರ್‌ಫಾಕ್ಸ್‌ನ ಪಾಸ್‌ವರ್ಡ್ ಪುಟದಲ್ಲಿ ಇಂಪೋರ್ಟ್ ಮಾಡಿ. ಸಿಂಕ್ ಆನ್ ಮಾಡಿದರೆ ಫೋನಿಗೂ ಬರುತ್ತವೆ. ಸಿಂಕ್ ಆಗುವ ಮಾಹಿತಿಗೆ ನಿಮ್ಮ ಸಾಧನದಲ್ಲೇ ಬೀಗ ಬಿದ್ದು ಹೋಗುತ್ತದೆ, ಮೊಜಿಲ್ಲಾಗೆ ಓದಲು ಆಗುವುದಿಲ್ಲ. ಅಕೌಂಟಿನ ಪಾಸ್‌ವರ್ಡ್ ಮರೆತರೆ ಅವರೂ ತೆಗೆದುಕೊಡಲಾರರು, ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಆ ಸಿಎಸ್‌ವಿ ಫೈಲಿನಲ್ಲಿ ಮಾತ್ರ ಅರವತ್ತೂ ಪಾಸ್‌ವರ್ಡ್ ಬರಿಗಣ್ಣಿಗೆ ಕಾಣುವ ಹಾಗೆ ಇರುತ್ತವೆ. ಕೆಲಸ ಮುಗಿದ ತಕ್ಷಣ ಡೌನ್‌ಲೋಡ್ಸ್‌ನಿಂದ ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ. ಹಳೇ ಬ್ರೌಸರ್‌ನಲ್ಲಿ ಉಳಿದಿರುವ ಪ್ರತಿಯನ್ನೂ ತೆಗೆಯಿರಿ.

ಅಂಚೆಚೀಟಿ

ಆಯಿತು 🙏 ಅಳಿಸಿದೆ. ಈಗ ಅಮ್ಮನ ಫೋನ್ ತೆಗೆದುಕೊಂಡು ಕೂತಿದ್ದೇನೆ. ಅದರಲ್ಲೂ ನನ್ನದೇ ಅಕೌಂಟ್ ಇದೆ.